ನೂರು ತೆಂಗಿನಕಾಯಿ, ಎಂಟು ಲೀಟರ್ ಎಣ್ಣೆ: ತಾರಸಿಯ ಮೇಲಿನ ಲೆಕ್ಕ

ಕಳೆದ ಅಕ್ಟೋಬರ್‌ನಿಂದ ಈ ಫೆಬ್ರವರಿವರೆಗೆ ಮನೆಯಲ್ಲೇ ಕೊಬ್ಬರಿ ಎಣ್ಣೆ ಮಾಡಲು ಮೂರು ಸಲ ಕೂತೆ. ಮೊದಲ ಸಲ ಪೂರ್ತಿ ಕೆಟ್ಟಿತು. ಎರಡನೇ ಸಲ ಅರ್ಧ ಸೀದುಹೋಯಿತು. ಮೂರನೇ ಸಲ 8 ಲೀಟರ್ ಚೊಕ್ಕ ಎಣ್ಣೆ ಕೈಗೆ ಬಂತು. ಮೂರೂ ಸಲದ ಲೆಕ್ಕ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ. ಎಲ್ಲಿ ತಪ್ಪಿದೆ ಅನ್ನುವುದನ್ನು ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ. ಮೊದಲ ಸಲ ಮಾಡುವವರಿಗೆ ಬೇಕಾಗುವುದು ಅದೇ.

ನಮ್ಮ ಮನೆ ಮೈಸೂರಿನಲ್ಲಿ. ಮನೆಯವರ ಊರು ಚನ್ನರಾಯಪಟ್ಟಣದ ಹತ್ತಿರ. ಅಲ್ಲಿ ತೋಟ ಇದೆ. ವರ್ಷದ ಅಡುಗೆಗೆ ಕಾಯಿ ಅಲ್ಲಿಂದಲೇ ಬರುತ್ತದೆ. ಎಣ್ಣೆ ಮಾತ್ರ ಅಂಗಡಿಯದು. ಕಾಯಿ ನಮ್ಮದೇ ಇದ್ದೂ ಎಣ್ಣೆ ಕೊಳ್ಳುತ್ತಿದ್ದೇವಲ್ಲ ಅಂತ ಅತ್ತೆ ಪ್ರತಿ ಸಲ ಹೇಳುತ್ತಿದ್ದರು. ಶುರುವಾಗಿದ್ದು ಅಲ್ಲಿಂದ.

1. ಅಕ್ಟೋಬರ್ 11, ಶನಿವಾರ: 20 ಕಾಯಿ, ಮೋಡದ ಬಿಸಿಲು

ಊರಿಂದ ತಂದ ಕಾಯಲ್ಲಿ 20 ಆರಿಸಿದೆ. ಬೆಳಿಗ್ಗೆ 8ಕ್ಕೆ ಒಡೆದು, ಹೋಳುಗಳನ್ನು ತಾರಸಿ ಮೇಲೆ ಗೋಣಿಚೀಲ ಹಾಸಿ ಇಟ್ಟೆ. ಬಿಸಿಲು ಚೆನ್ನಾಗಿಯೇ ಇತ್ತು. ಮಧ್ಯಾಹ್ನ 3ಕ್ಕೆ ಮೋಡ ಕವಿಯಿತು. ಸಂಜೆ ಮಳೆ. ಎಲ್ಲವನ್ನೂ ಒಳಗೆ ತಂದು ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಒಂದರ ಮೇಲೊಂದು ರಾಶಿ ಹಾಕಿದೆ. ಮರುದಿನ ಬಿಸಿಲು ಬರಲಿಲ್ಲ. ಅದರ ಮರುದಿನ ಎರಡು ಗಂಟೆ ಬಂತು, ಅಷ್ಟೇ.

ಮೂರನೇ ದಿನ ಹೋಳುಗಳನ್ನು ಮುಟ್ಟಿದರೆ ಲೋಳೆ ಲೋಳೆ. ನಾಲ್ಕನೇ ದಿನ ಬಿಳಿ ಬೂಷ್ಟು. ಬಟ್ಟೆಯಲ್ಲಿ ಒರೆಸಿ ಮತ್ತೆ ಬಿಸಿಲಿಗಿಟ್ಟೆ. ಆರನೇ ದಿನಕ್ಕೆ ಹಸಿರು, ಅಲ್ಲಲ್ಲಿ ಹಳದಿ, ಒಳಮುಖದಲ್ಲಿ ಕಪ್ಪು ಚುಕ್ಕಿ.

ಒರೆಸಿದರೆ ಬೂಷ್ಟು ಹೋಯಿತು ಅಂದುಕೊಂಡಿದ್ದು ನನ್ನ ದೊಡ್ಡ ತಪ್ಪು. ಮೇಲೆ ಕಾಣುವುದು ಹೋಗುತ್ತದೆ, ಒಳಗೆ ಇಳಿದಿದ್ದು ಹೋಗುವುದಿಲ್ಲ. ಸರಿಯಾಗಿ ಒಣಗದ ಕೊಬ್ಬರಿಯಲ್ಲಿ ಬೆಳೆಯುವ ಹಸಿರು-ಹಳದಿ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರಬಹುದು. ಅದು ಲಿವರ್‌ಗೆ ಕೆಟ್ಟದ್ದು. ದನಕ್ಕೆ ಹಾಕೋಣ ಅಂದರೆ ಅದೂ ಸರಿಯಲ್ಲ, ಹಾಲಿನಲ್ಲಿ ಇಳಿದು ಬರುತ್ತದೆ. 20 ಕಾಯಿಯನ್ನೂ ಗುಂಡಿ ತೋಡಿ ಮುಚ್ಚಿದೆ. ಕಾಯಿ ಎಸೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಎಸೆಯಲೇಬೇಕು.

ಇನ್ನೊಂದು ಆಮೇಲೆ ಗೊತ್ತಾಯಿತು. 20ರಲ್ಲಿ ಆರೇಳು ಕಾಯಿ ಸರಿಯಾಗಿ ಬಲಿತೇ ಇರಲಿಲ್ಲ. ಅಂಥ ಕಾಯಿಯ ತಿರುಳು ಒಣಗಿದರೂ ರಬ್ಬರಿನಂತೆ ಬಗ್ಗುತ್ತದೆ, ಎಣ್ಣೆಯೂ ಕಡಿಮೆ. ಎಣ್ಣೆಗೆ 11-12 ತಿಂಗಳು ಬಲಿತ ಕಾಯೇ ಬೇಕು. ಕೆಡವಿದ ಮೇಲೆ ಒಂದು ತಿಂಗಳು ನೆರಳಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ನಷ್ಟ: 20 ಕಾಯಿ, ಆರು ದಿನ.

2. ಡಿಸೆಂಬರ್ 6 ಮತ್ತು 13: ಕಾಯಿಹಾಲು ಕಾಯಿಸಿ ಎಣ್ಣೆ

ಬಿಸಿಲು ನಂಬುವುದು ಬೇಡ ಅನ್ನಿಸಿತು. ಎಳೆ ಮಕ್ಕಳ ಮೈಗೆ ಹಚ್ಚಲು ಹಿಂದಿನವರು ಕಾಯಿಹಾಲು ಕಾಯಿಸಿಯೇ ಎಣ್ಣೆ ತೆಗೆಯುತ್ತಿದ್ದರು. ಒಣಗಿಸುವ ತಾಪತ್ರಯ ಇಲ್ಲ. ಒಂದೇ ದಿನದ ಕೆಲಸ.

ಮೊದಲ ಸುತ್ತು, 8 ಕಾಯಿ. ತುರಿಮಣೆಯಲ್ಲಿ ತುರಿಯಲು ಒಂದೂಕಾಲು ಗಂಟೆ. ಬಿಸಿನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ, ಪಂಚೆ ಬಟ್ಟೆಯಲ್ಲಿ ಹಿಂಡಿದೆ. ಎರಡು ಸಲ ಹಿಂಡಿದಾಗ ಒಟ್ಟು 4 ಲೀಟರ್ ಹಾಲು. ಅಷ್ಟನ್ನೂ ತೆಳು ಅಲ್ಯೂಮಿನಿಯಂ ಪಾತ್ರೆಗೆ ಹಾಕಿ ಜೋರು ಉರಿಯಲ್ಲಿ ಇಟ್ಟೆ. ಒಂದು ಗಂಟೆ ಬರೀ ನೀರೇ ಕುದಿಯಿತು. ಎರಡು ಗಂಟೆಗೆ ಹಾಲು ಒಡೆದು ಮೊಸರಿನ ಗಡ್ಡೆಯಂತಾಯಿತು. ಆಮೇಲೆ ಅಂಚಿನಲ್ಲಿ ಎಣ್ಣೆ ಬಿಡಲು ಶುರು. ಆಗ ಫೋನ್ ಬಂತು. ನಾಲ್ಕು ನಿಮಿಷ ಆಚೆ ಹೋದೆ. ವಾಪಸ್ ಬರುವಷ್ಟರಲ್ಲಿ ಚರಟ ತಳ ಹಿಡಿದು ಕಪ್ಪಾಗಿತ್ತು. ಎಣ್ಣೆ 380 ಮಿಲಿ ಸಿಕ್ಕಿತು. ಬಣ್ಣ ಕಾಫಿಯದು, ಸೀದ ವಾಸನೆ. ಅಡುಗೆಗೂ ಆಗಲಿಲ್ಲ, ತಲೆಗೂ ಆಗಲಿಲ್ಲ. ದೀಪಕ್ಕೆ ಬಳಸಿ ಮುಗಿಸಿದೆ.

ಎರಡನೇ ಸುತ್ತು, ಮತ್ತೆ 8 ಕಾಯಿ, ಹಸಿ ತುರಿ 2.2 ಕೆಜಿ. ಈ ಸಲ ಮೂರು ಬದಲಾವಣೆ.

ಒಂದು, ನೀರು ಅರ್ಧಕ್ಕೆ ಇಳಿಸಿದೆ. ಹಾಕಿದ ನೀರನ್ನೆಲ್ಲ ಆಮೇಲೆ ಗ್ಯಾಸ್ ಸುಟ್ಟು ಆವಿ ಮಾಡಬೇಕಲ್ವಾ, ಅದಕ್ಕೆ.

ಎರಡು, ಹಾಲನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಕೆನೆ ಬೆಣ್ಣೆಯಂತೆ ಮೇಲೆ ಗಟ್ಟಿಯಾಗಿ ನಿಂತಿದೆ, ಕೆಳಗೆ ತಿಳಿನೀರು. ಚಮಚದಲ್ಲಿ ಕೆನೆ ಎತ್ತಿ ಅಷ್ಟನ್ನೇ ಕಾಯಿಸಿದೆ. ಇದೊಂದರಿಂದಲೇ ಒಲೆಯ ಸಮಯ 2 ಗಂಟೆ 40 ನಿಮಿಷದಿಂದ 50 ನಿಮಿಷಕ್ಕೆ ಇಳಿಯಿತು.

ಮೂರು, ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಬಿಡಲು ಶುರುವಾದ ಮೇಲೆ ಕೈ ಬಿಡದೆ ತಿರುವುವುದು.

ಆ ಕೊನೆಯ ಹತ್ತು ನಿಮಿಷ ಕಣ್ಣಿಟ್ಟು ನೋಡಬೇಕು. ಮೊದಲು ಗುಳ್ಳೆ ದೊಡ್ಡದಾಗಿ ಬಳ್ ಬಳ್ ಅನ್ನುತ್ತದೆ. ನೀರು ಕಡಿಮೆಯಾದಂತೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಚುರುಚುರು ಅಂತ ಬದಲಾಗುತ್ತದೆ. ಚರಟ ಬಿಳಿಯಿಂದ ಕೆನೆ ಬಣ್ಣ, ಆಮೇಲೆ ತುಪ್ಪದ ಬಣ್ಣ. ಸದ್ದು ನಿಂತಿತು ಅಂದರೆ ನೀರು ಮುಗಿಯಿತು ಅಂತ ಅರ್ಥ. ತಕ್ಷಣ ಇಳಿಸಬೇಕು. ತುಪ್ಪ ಕಾಯಿಸಿ ಅಭ್ಯಾಸ ಇದ್ದವರಿಗೆ ಈ ಹದ ಬೇಗ ಸಿಗುತ್ತದೆ.

ಎಣ್ಣೆ 450 ಮಿಲಿ. ನೀರಿನಂತೆ ತಿಳಿ. ಬಾಟಲಿ ತೆರೆದರೆ ಕೋಣೆಯೆಲ್ಲ ಕಾಯಿ ಹೋಳಿಗೆ ಮಾಡಿದಂತೆ ಪರಿಮಳ. ಕೆಳಗೆ ಉಳಿದ ಚರಟಕ್ಕೆ ಬೆಲ್ಲ ಬೆರೆಸಿ ಮಕ್ಕಳಿಗೆ ಕೊಟ್ಟೆ, ಐದು ನಿಮಿಷದಲ್ಲಿ ಖಾಲಿ.

ಆದರೆ ಲೆಕ್ಕ ಹಾಕಿದರೆ ಕಾಯಿಗೆ 56 ಮಿಲಿ ಮಾತ್ರ. ಕೈಯಲ್ಲಿ ಎಷ್ಟು ಹಿಂಡಿದರೂ ಬಹಳಷ್ಟು ಎಣ್ಣೆ ತುರಿಯಲ್ಲೇ ಉಳಿಯುತ್ತದೆ. ಮಗುವಿಗೆ, ಕೂದಲಿಗೆ ಅಂತ ಅರ್ಧ ಲೀಟರ್ ಬೇಕಾದರೆ ಇದೇ ದಾರಿ. ವರ್ಷದ ಅಡುಗೆಗೆ ಸಾಲುವುದಿಲ್ಲ. ಹಿಂಡಿ ಉಳಿದ ತುರಿಯನ್ನು ಎಸೆಯಬೇಡಿ. ಬಾಣಲೆಯಲ್ಲಿ ಹುರಿದು ಪಲ್ಯಕ್ಕೆ, ಚಟ್ನಿಪುಡಿಗೆ ಹಾಕಬಹುದು. ನಾರಿನಂಶ ಇರುವುದೇ ಅದರಲ್ಲಿ.

3. ಜನವರಿ 4: ಕಾಯಿ ಆರಿಸಿ ಇಟ್ಟಿದ್ದು

ಬಿಸಿಲಿಗೇ ಮತ್ತೆ ಹೋಗುವುದು ಅಂತ ತೀರ್ಮಾನ. ಈ ಸಲ ಫೆಬ್ರವರಿ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಡೆ ಆಕಾಶ ತಿಳಿಯಾಗಿರುತ್ತದೆ, ಗಾಳಿಯಲ್ಲಿ ತೇವ ಕಡಿಮೆ.

ಜನವರಿಯಲ್ಲೇ ತೋಟಕ್ಕೆ ಹೋಗಿ 112 ಕಾಯಿ ಬೇರೆ ತೆಗೆದಿಟ್ಟೆವು. ಅತ್ತೆ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ನೀರು ಗುಳುಗುಳು ಅಂದರೆ ಬಲಿತ ಕಾಯಿ. ತುಂಬಿದ ಕೊಡದಂತೆ ಸದ್ದೇ ಇಲ್ಲದಿದ್ದರೆ ಎಳಸು. ಜುಟ್ಟಿನ ಹತ್ತಿರ ಒದ್ದೆ ಇದ್ದರೆ ಬಿರುಕು ಬಿಟ್ಟಿದೆ ಅಂತ. 100 ಕಾಯಿ ಎಣ್ಣೆಗೆ. ಉಳಿದ 12ರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಫೆಬ್ರವರಿ 6ಕ್ಕೆ ಸುಲಿಯುವ ಅಣ್ಣ ಬಂದರು. ನೆಟ್ಟ ಹಾರೆಗೆ ಕಾಯಿ ಕುಕ್ಕಿ ಮೂರು ತಿರುವು, ಸಿಪ್ಪೆ ಕಳಚಿ ಕೆಳಗೆ. ನೂರು ಕಾಯಿ ಒಂದು ಗಂಟೆಯೂ ಆಗಲಿಲ್ಲ. ಕಾಯಿಗೆ ಒಂದೂವರೆ ರೂಪಾಯಿಯಂತೆ 150. ಸಿಪ್ಪೆಯನ್ನು ಅಲ್ಲೇ ತೆಂಗಿನ ಬುಡದಲ್ಲಿ ಕಾಲುವೆ ತೋಡಿ, ಬಟ್ಟಲಿನಂತೆ ಒಳಮುಖ ಮೇಲಾಗಿ ಜೋಡಿಸಿ ಮಣ್ಣು ಮುಚ್ಚಿದರು. ಮಳೆ ನೀರು ಕುಡಿದು ಬೇಸಿಗೆಯಲ್ಲಿ ಮರಕ್ಕೆ ತೇವ ಕೊಡುತ್ತದೆ. ಮಾರುವುದಕ್ಕಿಂತ ಇದೇ ಸರಿ ಅಂತ ನನಗೂ ಅನ್ನಿಸುತ್ತದೆ. ಬೋರ್‌ವೆಲ್ ನೀರು ಇಷ್ಟು ಕೆಳಗೆ ಹೋಗಿರುವಾಗ ನಾರನ್ನು ತೋಟದಾಚೆ ಕಳಿಸಬಾರದು.

4. ಫೆಬ್ರವರಿ 8, ಭಾನುವಾರ: ಒಡೆದ ದಿನ

ಬೇಕಾದವು: ಮಚ್ಚು, ತಿರುಳು ಬಿಡಿಸಲು ಮೊಂಡು ಚಾಕು, ಹಳೆ ಟಾರ್ಪಾಲು, 12 ಅಡಿ ಸೊಳ್ಳೆ ಪರದೆ (180 ರೂಪಾಯಿ), ಅಡುಗೆಮನೆಯ ತಕ್ಕಡಿ, ನೋಟ್‌ಬುಕ್.

ಬೆಳಿಗ್ಗೆ 7ಕ್ಕೆ ಶುರು, 8.30ಕ್ಕೆ ಮುಗಿಯಿತು. 100ರಲ್ಲಿ 4 ಹೋಯಿತು: ಎರಡು ಒಳಗೆ ಕೊಳೆತಿತ್ತು, ಒಂದು ಬಿರುಕು ಬಿಟ್ಟು ಹುಳಿ ವಾಸನೆ, ಒಂದರಲ್ಲಿ ಮೊಳಕೆ ಬಂದು ಒಳಗೆ ಬಿಳಿ ಉಂಡೆ ಕಟ್ಟಿತ್ತು. ಆ ಉಂಡೆ ಸಿಹಿಯಾಗಿ ಸ್ಪಂಜಿನಂತಿರುತ್ತದೆ, ಅದನ್ನು ತಿಂದೆವು. ಉಳಿದದ್ದು 96.

ನೀರಿನ ವಿಷಯದಲ್ಲಿ ಇಲ್ಲೊಂದು ತಪ್ಪಾಯಿತು. 96 ಕಾಯಿಯಿಂದ ಸುಮಾರು 9 ಲೀಟರ್ ನೀರು ಬಂತು. ಬಕೆಟ್‌ನಲ್ಲಿ ಹಿಡಿದು, ಆಮೇಲೆ ನೋಡೋಣ ಅಂತ ಬಿಟ್ಟೆ. ಮಧ್ಯಾಹ್ನ 2ಕ್ಕೆ ನೊರೆ ಬಂದು ಹುಳಿಯಾಗಿತ್ತು. ಬೆಳಿಗ್ಗೆಯೇ ಎತ್ತಿಟ್ಟಿದ್ದ 2 ಲೀಟರ್ ಮಾತ್ರ ಉಳಿಯಿತು. ಅದರಲ್ಲಿ ಒಂದು ಲೀಟರ್ ಕುಡಿದೆವು, ಇನ್ನೊಂದರಲ್ಲಿ ದೋಸೆಗೆ ಅಕ್ಕಿ ರುಬ್ಬಿದೆ. ಕಾಯಿನೀರು ಹಾಕಿದ ಹಿಟ್ಟು ಬೇಗ ಹುದುಗುತ್ತದೆ, ದೋಸೆ ಮೆತ್ತಗೆ ಬರುತ್ತದೆ. ಹುಳಿಯಾದದ್ದು ಕರಿಬೇವಿನ ಗಿಡಕ್ಕೆ ಹೋಯಿತು. ಪೊಟ್ಯಾಸಿಯಂ ಚೆನ್ನಾಗಿರುವ ನೀರು ಅದು, 100 ಮಿಲಿಯಲ್ಲಿ ಸುಮಾರು 250 ಮಿಲಿಗ್ರಾಂ. ಶಕ್ತಿ ಬರೀ 19 ಕ್ಯಾಲರಿ. ಮನೆಮಂದಿಯ ಚೊಂಬು, ಬಾಟಲಿ ಎಲ್ಲ ಮೊದಲೇ ಜೋಡಿಸಿಟ್ಟುಕೊಂಡು, ಒಡೆದ ಕೂಡಲೇ ಸೋಸಿ ಫ್ರಿಜ್‌ಗೆ ಇಡಬೇಕಿತ್ತು. ಅಕ್ಕಪಕ್ಕದ ಮನೆಗೆ ಕೊಟ್ಟಿದ್ದರೂ ಆಗುತ್ತಿತ್ತು. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಪೊಟ್ಯಾಸಿಯಂ ಹೆಚ್ಚಾದರೆ ಅಪಾಯ. ಡಾಕ್ಟರನ್ನು ಕೇಳದೆ ಕೊಡಬೇಡಿ.

ಹೋಳುಗಳನ್ನು ಮುಖ ಮೇಲಾಗಿ ಒಂದೇ ಪದರದಲ್ಲಿ ಜೋಡಿಸಿದೆ. ಒಂದರ ಮೇಲೊಂದು ಹತ್ತಲೇಬಾರದು. 192 ಹೋಳಿಗೆ ತಾರಸಿಯಲ್ಲಿ ಸುಮಾರು 6 ಅಡಿಗೆ 8 ಅಡಿ ಜಾಗ ಹಿಡಿಯಿತು. ಮೇಲೆ ಸೊಳ್ಳೆ ಪರದೆ. ಕಾಗೆ, ಅಳಿಲು, ನೊಣ ಮೂರಕ್ಕೂ ಅದೊಂದೇ ಸಾಕಾಯಿತು.

ಆ 96ರಲ್ಲೇ ಐದು ಕಾಯಿಯ ತಿರುಳನ್ನು ಹಸಿಯಾಗಿಯೇ ಬಿಡಿಸಿ, ತೂಕ ಮಾಡಿ ಬೇರೆ ತಟ್ಟೆಯಲ್ಲಿ ಒಣಗಲು ಇಟ್ಟೆ. ದಿನಾ ಸಂಜೆ ಅದನ್ನು ತೂಗುವುದು. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಇದೇ. ಐದು ಕಾಯಿಗೆ 1,380 ಗ್ರಾಂ, ಅಂದರೆ ಕಾಯಿಗೆ 276. ಒಟ್ಟು 96ಕ್ಕೆ ಸುಮಾರು 26.5 ಕೆಜಿ ಹಸಿ ತಿರುಳು ಅಂತ ಅಂದಾಜು ಸಿಕ್ಕಿತು.

5. ಫೆಬ್ರವರಿ 9ರಿಂದ 13: ಒಣಗುವುದು

ದಿನಚರಿ ಒಂದೇ. ಬೆಳಿಗ್ಗೆ 8ಕ್ಕೆ ಹೊರಗೆ, ಮಧ್ಯಾಹ್ನ ಒಂದು ಸಲ ಜಾಗ ಬದಲು, ಸಂಜೆ 5.30ಕ್ಕೆ ಒಳಗೆ. ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಒಳಗೆ ರಾಶಿ ಹಾಕದೆ ಹಾಲ್‌ನಲ್ಲಿ ಹರಡಿ ಫ್ಯಾನ್ ಹಾಕಿದೆ. ಅಕ್ಟೋಬರ್‌ನಲ್ಲಿ ಕೆಟ್ಟದ್ದು ರಾತ್ರಿಯ ರಾಶಿಯಿಂದ ಅನ್ನುವುದು ಈಗ ಖಾತ್ರಿ.

ಎರಡನೇ ದಿನ ಸಂಜೆಗೆ ತಿರುಳಿನ ಅಂಚು ಚಿಪ್ಪಿನಿಂದ ಒಂದು ಕೂದಲೆಳೆಯಷ್ಟು ಬಿಟ್ಟಿತ್ತು. ಮೂರನೇ ದಿನ ಮಧ್ಯಾಹ್ನ ಮೊಂಡು ಚಾಕು ಆ ಸಂದಿಗೆ ತೂರಿಸಿ ಸ್ವಲ್ಪ ಮೀಟಿದೆ. ಟಕ್ ಅಂತ ಇಡೀ ಬಟ್ಟಲು ಒಂದೇ ತುಂಡಾಗಿ ಕೈಗೆ ಬಂತು. ಬೆನ್ನ ಮೇಲೆ ಕಂದು ಸಿಪ್ಪೆ, ಒಳಗೆ ಹಾಲು ಬಿಳುಪು, ಅಂಚು ಸ್ವಲ್ಪ ಒಳಕ್ಕೆ ಮಡಚಿಕೊಂಡಿದೆ. ಒಂದು ದಿನ ಮೊದಲೇ ಆತುರಪಟ್ಟು ಬಿಡಿಸಿದ ಹತ್ತಾರು ಹೋಳು ಮೂರು ನಾಲ್ಕು ಚೂರಾಗಿ ಬಂದಿದ್ದವು, ಚಾಕು ಜಾರಿ ಹೆಬ್ಬೆರಳಿಗೂ ತಾಗಿತ್ತು. ಬಿಸಿಲು ತಾನೇ ಬಿಡಿಸಿಕೊಡುವ ಕೆಲಸಕ್ಕೆ ಕೈ ಬಲ ಹಾಕುವುದು ಬೇಡ.

ಐದು ಕಾಯಿಯ ತಟ್ಟೆಯ ತೂಕ, ಗ್ರಾಂನಲ್ಲಿ: ಒಡೆದ ದಿನ 1,380. ಆಮೇಲೆ ದಿನಕ್ಕೊಂದರಂತೆ 1,150, 990, 890, 820, 780.

ಮೊದಲ ಎರಡು ದಿನದ ಇಳಿತ ನೋಡಿ. ನೀರು ಓಡುವುದು ಆಗಲೇ. ಆ ಎರಡು ದಿನ ಬಿಸಿಲು ತಪ್ಪಿದರೆ ಮುಂದೆ ಎಷ್ಟು ಒಣಗಿಸಿದರೂ ಬಣ್ಣ, ವಾಸನೆ ಸರಿಹೋಗುವುದಿಲ್ಲ. ನಾಳೆ ನಾಡಿದ್ದು ಮೋಡ ಅಂತ ಮುನ್ಸೂಚನೆ ಇದ್ದರೆ ಕಾಯಿ ಒಡೆಯಲೇಬೇಡಿ. ಒಡೆಯದ ಕಾಯಿ ಒಂದು ವಾರ ಕಾದರೆ ಏನೂ ಆಗುವುದಿಲ್ಲ.

6. ಫೆಬ್ರವರಿ 14, ಶನಿವಾರ: ಗಾಣದಿಂದ ವಾಪಸ್

ಮರುದಿನ ಶಿವರಾತ್ರಿ. ಹೊಸ ಎಣ್ಣೆಯಲ್ಲಿ ದೀಪ ಹಚ್ಚಬೇಕು ಅಂತ ಆಸೆ. ಕೊಬ್ಬರಿ ಮುಟ್ಟಿದರೆ ಗಟ್ಟಿಯಾಗಿತ್ತು, ಮೇಲೆ ಎಣ್ಣೆಯ ಹೊಳಪೂ ಇತ್ತು. ಚೆನ್ನಾಗಿ ಕಂಡ 3 ಕೆಜಿ ಆರಿಸಿ ಮರದ ಗಾಣಕ್ಕೆ ಒಯ್ದೆ.

ಗಾಣದವರು ಒಂದು ಬಟ್ಟಲು ತೆಗೆದು ಎರಡು ಕೈಯಲ್ಲಿ ಬಗ್ಗಿಸಿದರು. ಸ್ವಲ್ಪ ಬಗ್ಗಿ, ಆಮೇಲೆ ಮುರಿಯಿತು. ಮುರಿದ ಜಾಗ ತೋರಿಸಿದರು. ಅಂಚೆಲ್ಲ ಸರಿ, ನಡುವೆ ದಪ್ಪ ಇರುವ ಕಡೆ ಇನ್ನೂ ಸುಣ್ಣದಂತೆ ಬಿಳಿ.

"ಇನ್ನೂ ಮೂರು ಬಿಸಿಲು ಬೇಕು ಕಣಕ್ಕಾ. ಈಗ ಹಾಕಿದ್ರೆ ಹಿಂಡಿ ಮೆತ್ತಗಾಗಿ ಒರಳಿಗೆ ಅಂಟ್ಕೊಂಡ್ಬಿಡುತ್ತೆ. ಎಣ್ಣೆನೂ ಕಮ್ಮಿ, ಇಟ್ರೆ ಬೇಗ ಕಮಟೂ ಆಗುತ್ತೆ."

"ನಾಳೆ ಹಬ್ಬಕ್ಕೆ ಅಂತ ತಂದೆ ಅಣ್ಣಾ, ಸ್ವಲ್ಪನಾದ್ರೂ ಹಾಕಿ ಕೊಡಿ."

"ದೀಪಕ್ಕೆ ನನ್ ಹತ್ರ ಇರೋದು ತಗೊಂಡೋಗಿ. ಇದನ್ನ ಹಾಳ್ ಮಾಡ್ಬೇಡಿ."

ಅವರ ಎಣ್ಣೆಯಲ್ಲೇ ಹಬ್ಬದ ದೀಪ ಹಚ್ಚಿದೆ. ದುಡ್ಡಿಗೋಸ್ಕರ ಹಾಕಿಕೊಟ್ಟುಬಿಟ್ಟಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಅವರಿಂದ ಕಲಿತ ಪರೀಕ್ಷೆ ಇದು: ಒಣಗಿದ ಕೊಬ್ಬರಿ ಬಗ್ಗದೆ ಪಟ್ ಅಂತ ಮುರಿಯಬೇಕು. ಮುರಿದ ಮುಖ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಇರಬೇಕು. ಉಗುರು ಒತ್ತಿದರೆ ನೀರಲ್ಲ, ಎಣ್ಣೆ ಜಿನುಗಬೇಕು. ಹಸಿ ತಿರುಳಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅದು ನೂರಕ್ಕೆ ಆರಕ್ಕೆ ಇಳಿದರೆ ಗಾಣಕ್ಕೆ ಹದ.

ತಟ್ಟೆಯ ತೂಕ ಮುಂದುವರಿಸಿದೆ: ಆರನೇ ದಿನ 750, ಏಳು 728, ಎಂಟು 712, ಒಂಬತ್ತು 708. ಎಂಟಕ್ಕೂ ಒಂಬತ್ತಕ್ಕೂ ಬರೀ 4 ಗ್ರಾಂ ವ್ಯತ್ಯಾಸ. ಇನ್ನು ಹೋಗುವ ನೀರಿಲ್ಲ ಅಂತ ಗೊತ್ತಾಯಿತು. ಶನಿವಾರವೇ ಅಲ್ಲಿಯವರೆಗಿನ ಅಂಕಿ ನೋಡಿದ್ದರೆ, ತೂಕ ಇನ್ನೂ ಇಳಿಯುತ್ತಿದೆ ಅಂತ ತಿಳಿದು ಗಾಣಕ್ಕೆ ಹೋಗುತ್ತಿರಲಿಲ್ಲ. ಬರೆದಿಟ್ಟೆ, ಓದಲಿಲ್ಲ.

7. ಫೆಬ್ರವರಿ 18, ಬುಧವಾರ: ಗಾಣ

ಒಟ್ಟು ಕೊಬ್ಬರಿ 13.6 ಕೆಜಿ. ಹಿಂದಿನ ರಾತ್ರಿಯೇ ಬೆರಳ ತುದಿಯಷ್ಟು ಚೂರು ಮಾಡಿಟ್ಟುಕೊಂಡಿದ್ದೆ, ಒಂದೂವರೆ ಗಂಟೆ ಹಿಡಿಯಿತು. ಬೆಳಿಗ್ಗೆ 9ಕ್ಕೆ ಮೊದಲ ಗಿರಾಕಿ ನಾನೇ. ಗಾಣಕ್ಕೆ ಮೊದಲು ಹೋದರೆ ಒಳ್ಳೆಯದು ಅಂದುಕೊಂಡಿದ್ದೆ. ಆದರೆ ಹಿಂದಿನ ಸಂಜೆ ಕೊನೆಗೆ ಹಾಕಿದ್ದು ಕಡಲೆಕಾಯಿ ಅಂತ ಕೇಳಿಕೊಂಡಿರಲಿಲ್ಲ. ಮೊದಲು ಇಳಿದ ಎಣ್ಣೆಯಲ್ಲಿ ಕಡಲೆಕಾಯಿಯ ವಾಸನೆ. ಸುಮಾರು 300 ಮಿಲಿ ಬೇರೆ ಹಿಡಿದಿಟ್ಟೆವು, ಒಗ್ಗರಣೆಗೆ ಆಯಿತು. ಕೊಬ್ಬರಿ ಹಾಕಿದವರ ಹಿಂದೆಯೇ ಹೋಗುವುದು ಸರಿಯಾದ ದಾರಿ. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದ್ದರೆ ಇದನ್ನು ಕೇಳದೆ ಬಿಡಲೇಬಾರದು.

ಮೊದಲ ಇಪ್ಪತ್ತು ನಿಮಿಷ ಏನೂ ಕಾಣುವುದಿಲ್ಲ. ಚೂರು ಪುಡಿಯಾಗಿ, ಪುಡಿ ಮುದ್ದೆಯಾಗಿ, ಮುದ್ದೆ ಒರಳಿನ ಗೋಡೆಗೆ ಹತ್ತಿಕೊಳ್ಳುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನಡುವಿನ ಗುಳಿಯಲ್ಲಿ ಎಣ್ಣೆ ಬೆಳ್ಳಗೆ, ಹಾಲು ಬೆರೆಸಿದಂತೆ ನಿಲ್ಲುತ್ತದೆ. ಆ ಕದಡಿದ ಬಣ್ಣ ನೋಡಿ ಹೆದರಬೇಡಿ. ಅದು ಸಣ್ಣ ಪುಡಿ, ಕೆಳಗೆ ಕೂರುತ್ತದೆ.

ಎಣ್ಣೆ 7.9 ಕೆಜಿ. ಹಿಂಡಿ 5.2 ಕೆಜಿ. ಉಳಿದ ಅರ್ಧ ಕೆಜಿ ಗಾಣದಲ್ಲಿ, ಡಬ್ಬದಲ್ಲಿ, ಕೈಯಲ್ಲಿ ಹೋಗಿದ್ದು. ಕೂಲಿ ಕೆಜಿಗೆ 25ರಂತೆ 340 ರೂಪಾಯಿ.

8. ಫೆಬ್ರವರಿ 18ರಿಂದ 23: ತಿಳಿ ಮಾಡುವುದು

ಅಗಲ ಬಾಯಿಯ ಸ್ಟೀಲ್ ಪಾತ್ರೆ, ಮೇಲೆ ತೆಳು ಬಟ್ಟೆ. ನಾಲ್ಕು ದಿನ ಅಲುಗಾಡಿಸದೆ ಬಿಟ್ಟೆ. ಮೇಲಿನ ತಿಳಿಯನ್ನು ಸೌಟಿನಲ್ಲಿ ತೆಗೆದು ಬಟ್ಟೆಯಲ್ಲಿ ಸೋಸಿ, ಇನ್ನೊಂದು ದಿನ ಬಿಸಿಲಿಗಿಟ್ಟೆ. ಕೊನೆಯ ತೇವ ಹೋಗಲಿ ಅಂತ. ಆಮೇಲೆ ಒಣಗಿದ ಗಾಜಿನ ಬಾಟಲಿಗೆ. ಒಟ್ಟು 8.1 ಲೀಟರ್.

ಒಂದು ಬಾಟಲಿ ಮಾತ್ರ ಗಾಣದಿಂದ ಬಂದ ದಿನವೇ, ತಿಳಿಯಾಗುವ ಮೊದಲೇ ಪ್ಲಾಸ್ಟಿಕ್‌ಗೆ ತುಂಬಿ ಅಕ್ಕನಿಗೆ ಕಳಿಸಿದ್ದೆ. ಮೂರು ವಾರಕ್ಕೆ ತಳದಲ್ಲಿ ಗಸಿ ಕಟ್ಟಿ ಕಮಟು ವಾಸನೆ ಬಂತಂತೆ. ಅದೇ ಎಣ್ಣೆ, ತಿಳಿ ಮಾಡಿದ್ದು ನಮ್ಮಲ್ಲಿ ಇವತ್ತಿಗೂ ಚೆನ್ನಾಗಿದೆ.

ಖರ್ಚು: ಕಾಯಿ ನಮ್ಮದೇ ಆದರೂ ಮಾರಿದ್ದರೆ ಬರುತ್ತಿದ್ದ 28 ರೂಪಾಯಿಯಂತೆ 2,800. ಸುಲಿದಿದ್ದು 150, ಗಾಣ 340, ಪರದೆ 180, ಸೋಸುವ ಬಟ್ಟೆ 60. ಒಟ್ಟು 3,530. ಲೀಟರ್‌ಗೆ 436 ರೂಪಾಯಿ ಬಿತ್ತು. ನಾನು ಕೊಳ್ಳುತ್ತಿದ್ದ ಗಾಣದ ಎಣ್ಣೆ 480. ಹತ್ತು ದಿನದ ನನ್ನ ಕೆಲಸಕ್ಕೆ ಕೂಲಿ ಹಾಕಿದರೆ ಉಳಿತಾಯ ಏನೂ ಇಲ್ಲ. ದುಡ್ಡು ಉಳಿಸಲು ಇದನ್ನು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾವ ಕಾಯಿ, ಯಾವ ಬಿಸಿಲು, ಕೊಬ್ಬರಿಗೆ ಬೂಷ್ಟು ಬಾರದಿರಲಿ ಅಂತ ಗಂಧಕದ ಹೊಗೆ ಕೊಟ್ಟಿದ್ದಾರೋ ಇಲ್ಲವೋ ಅನ್ನುವುದು ಗೊತ್ತಿರುವ ಎಣ್ಣೆ ಬೇಕು ಅಂದರೆ ಮಾಡಿ. ಕಾಯಿಗೆ 84 ಮಿಲಿ ಬಂತು. ಕಾಯಿಸಿದ್ದಕ್ಕಿಂತ ಒಂದೂವರೆ ಪಾಲು.

9. ಕಾಯಲ್ಲಿದ್ದದ್ದು ಎಲ್ಲೆಲ್ಲಿ ಹೋಯಿತು

ಇದು ನನಗೆ ಮುಖ್ಯ, ಯಾಕೆಂದರೆ ಮಾವನಿಗೆ ಕೊಲೆಸ್ಟ್ರಾಲ್ ಇದೆ. ಮನೆಯಲ್ಲೇ ಮಾಡಿದ್ದು, ಶುದ್ಧ, ಎಷ್ಟು ತಿಂದರೂ ಆಗುತ್ತೆ ಅಂತ ಅವರ ವಾದ.

100 ಗ್ರಾಂ ಹಸಿ ಕಾಯಲ್ಲಿ ಸುಮಾರು 354 ಕ್ಯಾಲರಿ, 33 ಗ್ರಾಂ ಕೊಬ್ಬು, 9 ಗ್ರಾಂ ನಾರು, 3 ಗ್ರಾಂ ಪ್ರೋಟೀನ್. ಜೊತೆಗೆ ಮ್ಯಾಂಗನೀಸ್, ತಾಮ್ರ, ಸ್ವಲ್ಪ ಕಬ್ಬಿಣ. ಒಣಗಿದರೆ ನೀರು ಹೋಗಿ ಎಲ್ಲವೂ ಹೆಚ್ಚುಕಡಿಮೆ ಎರಡು ಪಾಲು: 100 ಗ್ರಾಂ ಕೊಬ್ಬರಿಗೆ 660 ಕ್ಯಾಲರಿ, 64 ಗ್ರಾಂ ಕೊಬ್ಬು, 16 ಗ್ರಾಂ ನಾರು, 7 ಗ್ರಾಂ ಪ್ರೋಟೀನ್. ಬಾಣಂತಿಗೆ ಕೊಬ್ಬರಿ ಬೆಲ್ಲ ಕೊಡುವುದು ಸುಮ್ನೆ ಅಲ್ಲ.

ಗಾಣದಿಂದ ಇಳಿದ ಎಣ್ಣೆಯಲ್ಲಿ ಮಾತ್ರ ನಾರೂ ಇಲ್ಲ, ಪ್ರೋಟೀನೂ ಇಲ್ಲ. ಅದು ಪೂರ್ತಿ ಕೊಬ್ಬು. ಅದರಲ್ಲೂ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲ ಅನ್ನುವುದು ನಿಜ. ಆದರೆ ಈ ಬಗೆಯ ಕೊಬ್ಬು ಜಾಸ್ತಿ ತಿಂದರೆ ನಮ್ಮ ಮೈಯೇ ಕೆಟ್ಟ ಕೊಲೆಸ್ಟ್ರಾಲ್ ಏರಿಸಿಕೊಳ್ಳುತ್ತದೆ. ಒಂದು ದೊಡ್ಡ ಚಮಚ ಅಂದರೆ 120 ಕ್ಯಾಲರಿ ಹತ್ತಿರ. ಮಾವನಿಗೆ ಚಟ್ನಿ, ಪಲ್ಯದಲ್ಲಿ ಕಾಯಿತುರಿ ಹಿಡಿಯಲ್ಲಿ ಹಾಕುತ್ತೇನೆ, ಎಣ್ಣೆ ಚಮಚದಲ್ಲಿ ಅಳೆದು ಹಾಕುತ್ತೇನೆ. ಬಾಟಲಿ ಎತ್ತಿ ಸುರಿಯುವುದು ಬಿಟ್ಟಿದ್ದೇವೆ.

ಪ್ರೋಟೀನ್, ನಾರು ಹೋಗಿದ್ದು ಹಿಂಡಿಗೆ. 5.2 ಕೆಜಿಯಲ್ಲಿ ಅರ್ಧ ಕೆಜಿ ಇಟ್ಟುಕೊಂಡು ಚಟ್ನಿಪುಡಿ ಮಾಡಿದೆ: ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು, ಸ್ವಲ್ಪ ಬೆಲ್ಲ. ಹಿಂಡಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಹಾಕಬೇಕು. ಮೊದಲ ಸಲ ಹಾಗೇ ಹಾಕಿದ್ದೆ, ನಾರು ನಾಲಿಗೆಗೆ ತೊಡರಿತು. ಎರಡನೇ ಸಲ ಹುರಿದು, ಜರಡಿ ಹಿಡಿದೆ, ಸರಿಹೋಯಿತು. ಉಳಿದದ್ದು ಪಕ್ಕದ ಬೀದಿಯ ಹಸುವಿಗೆ. ನೆನೆಸಿ ಬೂಸಾ ಜೊತೆ ಕೊಡುತ್ತಾರೆ.

96 ಕಾಯಿಯ ಚಿಪ್ಪು ಹತ್ತೂವರೆ ಕೆಜಿ. ಊರಿನ ಹಂಡೆ ಒಲೆಗೆ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ನಾಲ್ಕು ಚಿಪ್ಪು ಹಾಕಿದರೆ ಸೌದೆ ತಾನೇ ಹತ್ತಿಕೊಳ್ಳುತ್ತದೆ. ಆರು ಚಿಪ್ಪನ್ನು ಮಗ ಗಾಜಿನ ಚೂರಿನಿಂದ ಹೆರೆದು, ತೂತು ಹಾಕಿ ಮೆಂತ್ಯ ಸೊಪ್ಪು ಬಿತ್ತಿದ್ದಾನೆ. ನೀರು ನಿಲ್ಲದಿರಲು ಒಂದು ಕಣ್ಣು ತೂತಾದರೆ ಸಾಕು, ಮೂರೂ ಬೇಡ.

10. ಇನ್ನೂ ಮುಗಿಯದ್ದು

ಆ 12 ಕಾಯಿ. ಅವನ್ನು ಸಿಪ್ಪೆ ಸಮೇತ ಊರಿನ ಮನೆಯ ಅಟ್ಟಕ್ಕೆ ಹಾಕಿದ್ದೇವೆ. ಉಂಡೆ ಕೊಬ್ಬರಿಗೆ. ತಿಪಟೂರು, ಅರಸೀಕೆರೆ ಕಡೆ ತೋಟದ ಮನೆಗಳಲ್ಲಿ ಹೀಗೇ ಮಾಡುವುದು. ಒಡೆಯುವುದೇ ಇಲ್ಲ. ಎಂಟರಿಂದ ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗುತ್ತದೆ. ಆಗ ಅಲ್ಲಾಡಿಸಿದರೆ ನೀರಿನ ಸದ್ದಲ್ಲ, ಒಳಗೆ ಉಂಡೆ ಗಟಗಟ ಅಂತ ಉರುಳುವ ಸದ್ದು ಬರಬೇಕು.

ಮೊನ್ನೆ ಊರಿಗೆ ಹೋದಾಗ ಏಣಿ ಹಾಕಿ ಹತ್ತಿ ಒಂದೊಂದನ್ನೂ ಅಲ್ಲಾಡಿಸಿದೆ. ಹನ್ನೊಂದರಲ್ಲಿ ಇನ್ನೂ ಗುಳುಗುಳು. ಒಂದರಲ್ಲಿ ಮಾತ್ರ ಏನೂ ಸದ್ದಿಲ್ಲ, ಮೂಗಿಗೆ ಹಿಡಿದರೆ ಹುಳಿ ವಾಸನೆ. ಅದನ್ನು ಕೆಳಗೆ ತಂದೆ. ಹನ್ನೊಂದು ಮೇಲೇ ಇವೆ. ನವೆಂಬರ್‌ಗೆ ಮತ್ತೆ ಏಣಿ ಹಾಕಬೇಕು.